ನೈಲ್ ಪಾಲಿಶ್ ಹಚ್ಚಿದ ಐಸಿ

ಉಡುಪಿಯಲ್ಲಿ ನನ್ನ ರೇಡಿಯೋ ರಿಪೇರಿ ಅಂಗಡಿ ಇದ್ದಾಗ, ಸಂತೆಕಟ್ಟೆಯ ಪರ್ಬು ಎಂಬ ಗಿರಾಕಿಯೊಬ್ಬರು ದುಬೈಯಿಂದ ತಂದ ಸಿಡಿ ಪ್ಲೇಯರನ್ನು ತಲೆದಿಂಬಿನ ಚೀಲದಲ್ಲಿ ಹಾಕಿಕೊಂಡು ಬಂದರು. ಅದರೊಳಗೆ ಸ್ವರ ಹಿಗ್ಗಿಸುವ ಎರಡು ಪುಟ್ಟ ಚಿಪ್, ಅಂದರೆ ಆಪ್-ಆಂಪ್ ಐಸಿ, ತೆಗೆದು, ಅಲ್ಲಿಂದಲೇ ತಂದ ಹೊಸ ಎರಡನ್ನು ಹಾಕಬೇಕು. ಸ್ವರ ಇನ್ನೂ ಚಂದ ಬರುತ್ತದಂತೆ. ಮುಚ್ಚಳ ತೆರೆದರೆ ಹಳೆಯ ಐಸಿಗಳ ಮೇಲೆಲ್ಲ ಕೆಂಪು ನೈಲ್ ಪಾಲಿಶ್.

"ಇದೆಂತ ಪರ್ಬುಗಳೇ?"

"ಗುರುತು. ರಿಪೇರಿಯವರು ಒಳ್ಳೆಯ ಮಾಲನ್ನು ಬದಲಾಯಿಸುತ್ತಾರಂತೆ, ಅಲ್ವಾ?"

ಹೊಸದಕ್ಕೂ ಅದೇ ಬಣ್ಣ ಬಳಿದಿದ್ದರು. ಯಾವುದು ಯಾವ ಐಸಿ ಎಂದು ಹೇಳುವ ನಂಬರೆಲ್ಲ ಮುಚ್ಚಿಹೋಗಿತ್ತು. ನಾನು ಹಳೆಯದನ್ನು ಸಾಕೆಟ್ಟಿನಿಂದ ಕಿತ್ತ ಕೂಡಲೇ ಅವರು ಕಸಿದುಕೊಂಡು, ಹೊಸ ಐಸಿಗಳಿದ್ದ ಕರವಸ್ತ್ರದಲ್ಲೇ ಕಟ್ಟಿಕೊಂಡರು. ಮತ್ತೆ ಗಂಟು ಬಿಚ್ಚಿ ಎರಡು ಐಸಿ ಕೊಟ್ಟರು.

"ಇದು ಹೊಸದೇ ಹೌದಾ? ಬಣ್ಣ ಕೆರೆದು ನೋಡುವ."

"ಗುರುತು ಅಳಿಸಲಿಕ್ಕೆ ಉಪಾಯವಾ? ಸುಮ್ಮನೆ ಹಾಕಿ ಮಾರಾಯ್ರೇ!"

ಹಾಕಿದೆ. ಹಾಡು ಶುರುವಾಯಿತು. ಅವರು ಕಣ್ಣು ಮುಚ್ಚಿ ತಲೆದೂಗಿದರು. "ಅಬ್ಬಾ, ಎಷ್ಟು ವ್ಯತ್ಯಾಸ ಉಂಟು ನೋಡಿ!"

ನನ್ನ ಕಿವಿಗೆ ಹಳೆಯ ಸ್ವರವೇ ಕೇಳಿಸಿತು. ಹಾಗೆಂದಿದ್ದರೆ, ಹೊಸದನ್ನು ನಾನೇ ಕದ್ದೆ ಎನ್ನುತ್ತಿದ್ದರು.