ಎತ್ತರಿಸಿದ ಹೆಡ್‌ಲೈಟು

ನನ್ನ ಬೈಕಿನ ಹೆಡ್‌ಲೈಟು ಬದಲಿಸಿದ್ದು ನಾನೇ. ಯಾರೂ ಹೇಳಿರಲಿಲ್ಲ, ಯಾರೂ ಒತ್ತಾಯ ಮಾಡಿರಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಹೋಗುತ್ತಾ ಕಬ್ಬಿನ ಮೇಲೆ, ರಸ್ತೆಯ ಮೇಲೆ, ಕಂಡಕಂಡವರ ಮೇಲೆ ತಪ್ಪು ಹೊರಿಸತೊಡಗುತ್ತೇನೆ. ಆ ಚಾಳಿ ನನಗೆ ಮೊದಲಿನಿಂದಲೂ ಇದೆ.

ನಾನು ಗಣಿತ ಕಲಿಸುವ ಮಾಸ್ತರ. ಹುಟ್ಟಿದ್ದು ಆಳಂದ ತಾಲ್ಲೂಕಿನ ನಿಂಬರ್ಗಾದ ಹತ್ತಿರ. ಈಗ ಅಫಜಲಪುರದಲ್ಲಿ ಬಾಡಿಗೆ ಮನೆ, ಹೆಂಡತಿ, ನಾಲ್ಕು ವರ್ಷದ ಮಗಳು. ಶಾಲೆ ಇರುವುದು ಸೊನ್ನದ ಬ್ಯಾರೇಜಿನ ಕಡೆಯ ಒಂದು ಹಳ್ಳಿಯಲ್ಲಿ. ದೀಪಾವಳಿ ಕಳೆದರೆ ಹತ್ತನೆಯ ತರಗತಿಗೆ ಸಂಜೆ ವಿಶೇಷ ಕ್ಲಾಸು ಶುರುವಾಗುತ್ತದೆ. ಬಿಡುವಾಗ ಆರೂವರೆ, ಆಗಲೇ ಕತ್ತಲು. ಕಾರ್ಖಾನೆಗೆ ಕಬ್ಬು ಸಾಗುವ ಕಾಲವೂ ಅದೇ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರಾಲಿ. ಹಿಂದೆ ಕೆಂಪು ದೀಪ ಇರುವುದಿಲ್ಲ, ಇದ್ದರೂ ಕಬ್ಬಿನ ಸೋಗೆ ಅದನ್ನು ಮುಚ್ಚಿರುತ್ತದೆ. ನಮ್ಮ ಊರ ಕಡೆ ತೊಗರಿ. ಚೀಲಕ್ಕೆ ತುಂಬಿದ ತೊಗರಿ ಟ್ರಾಲಿಯಿಂದ ಹೊರಗೆ ಚಾಚುವುದಿಲ್ಲ. ಕಬ್ಬು ಚಾಚುತ್ತದೆ, ಅದೂ ಬೈಕಿನ ಮೇಲೆ ಕುಳಿತವನ ಮುಖದ ಎತ್ತರಕ್ಕೇ.

ಹಳೆಯ ಬಲ್ಬಿನ ಹಳದಿ ಬೆಳಕು ಇದ್ದೂ ಇಲ್ಲದಂತೆ. ಎದುರಿನಿಂದ ಬಿಳಿ ಲೈಟಿನ ಗಾಡಿ ಬಂದರೆ ಅದೂ ಇಲ್ಲ. ಒಂದು ಸಂಜೆ ಅಂಥದೇ ಒಂದು ಗಾಡಿ ಕಣ್ಣು ಕುಕ್ಕಿ ಹೋಯಿತು. ಮತ್ತೆ ಕಣ್ಣು ಕಾಣುವಷ್ಟರಲ್ಲಿ ಹೆಲ್ಮೆಟಿನ ಗಾಜನ್ನು ಕಬ್ಬಿನ ತುದಿಗಳು ಕರಕರ ಕೆರೆಯುತ್ತಿದ್ದವು. ಬ್ರೇಕು ಹಾಕಿ ನಿಂತೆ. ಮನೆಗೆ ಬಂದು ಹೆಂಡತಿಗೆ ಹೇಳಲಿಲ್ಲ. ಮರುದಿನ ರವಿವಾರ, ನೇರ ಮೆಕ್ಯಾನಿಕ್ ಹತ್ತಿರ ಹೋದೆ.

ಊರೆಲ್ಲ ಅವರನ್ನು ಉಸ್ತಾದ್ ಎನ್ನುತ್ತದೆ. ಹೊಸ ಲೈಟು ಹಾಕಿದ ಗಾಡಿಯನ್ನು ಅವರು ಹಗಲಿನಲ್ಲಿ ಬಿಟ್ಟುಕೊಡುವುದಿಲ್ಲ. ಹೊತ್ತು ಮುಳುಗಿದ ಮೇಲೆ ಮಾಲೀಕನನ್ನೇ ಗಾಡಿಯ ಮೇಲೆ ಕೂರಿಸುತ್ತಾರೆ, ಅವನ ಭಾರಕ್ಕೆ ಹಿಂದಿನ ಭಾಗ ಎಷ್ಟು ತಗ್ಗುತ್ತದೋ ನೋಡಬೇಕಲ್ಲ. ಎದುರಿನ ಗೋಡೆಯಿಂದ ಹತ್ತು ಹೆಜ್ಜೆ ಹಿಂದೆ ನಿಲ್ಲಿಸಿ, ಗೋಡೆಗೆ ಬಳಿದ ಸುಣ್ಣದ ಗೆರೆಯ ಕೆಳಗೇ ಬೆಳಕು ಬೀಳುವಂತೆ ಸ್ಕ್ರೂ ತಿರುಗಿಸುತ್ತಾರೆ. ನನಗೂ ಹಾಗೇ ಮಾಡಿದರು. ಬೆಳ್ಳಗಿನ ಬೆಳಕು ಗೆರೆಯ ಕೆಳಗೆ ಬಂದು ನಿಂತಿತು.

“ಇನ್ನೊಂದೀಟು ಮ್ಯಾಲ ಎತ್ರಿ ಉಸ್ತಾದ್” ಎಂದೆ.

“ಬ್ಯಾಡ್ರಿ ಸರ. ಎತ್ತರ ಆದ್ರ ಎದುರಿನವರ ಕಣ್ಣಿಗಿ ಚುಚ್ಚತದ.”

“ಕೆಳಗ ಇಟ್ರ ರಸ್ತೆ ಕಾಣ್ತದ, ಕಬ್ಬು ಕಾಣಂಗಿಲ್ಲ. ನನ್ನ ಮಾರಿಗಿ ಬಡಿಯೋದು ರಸ್ತೆ ಅಲ್ರಿ.”

“ಎದುರಿಗಿ ಬರೋರು ಏನ ಮಾಡಬೇಕ್ರಿ?”

“ಅವರೆಲ್ಲಾ ನನ್ನ ಕಣ್ಣಾಗ ಹೊಡ್ಕೊಂತನ ಬರಾಕತ್ತಾರ. ನಾ ಒಬ್ಬವ ಯಾಕ ತೆಲಿ ಬಗ್ಗಿಸಿ ಹೋಗ್ಲಿ?”

ಉಸ್ತಾದ್ ನನ್ನನ್ನು ಒಮ್ಮೆ ನೋಡಿ, ಸ್ಕ್ರೂ ಅರ್ಧ ಸುತ್ತು ತಿರುಗಿಸಿದರು. ಬೆಳಕು ಗೆರೆಯನ್ನು ದಾಟಿ ಒಂದು ಗೇಣು ಮೇಲೆ ಹೋಯಿತು. ಹತ್ತು ಹೆಜ್ಜೆಗೆ ಒಂದು ಗೇಣು ಏರುವ ಬೆಳಕು ನೂರು ಹೆಜ್ಜೆಗೆ ಎಷ್ಟು ಏರುತ್ತದೆ? ಇಂಥ ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿ ಸಂಬಳ ತೆಗೆದುಕೊಳ್ಳುವ ಮನುಷ್ಯ ನಾನು.

ಹದಿನೈದು ದಿನ ರಾಜನ ಹಾಗೆ ಓಡಾಡಿದೆ. ಟ್ರಾಲಿಯ ಕಬ್ಬು ದೂರದಿಂದಲೇ ಒಂದೊಂದು ಜಲ್ಲೆ ಎಣಿಸುವ ಹಾಗೆ ಕಾಣುತ್ತಿತ್ತು. ಎದುರಿನ ಗಾಡಿಗಳು ತಡವರಿಸಿ ರಸ್ತೆಯ ಅಂಚಿಗೆ ಸರಿಯುತ್ತಿದ್ದವು. ಸುಳ್ಳು ಯಾಕೆ ಹೇಳಲಿ, ಅವರು ಸರಿಯುವುದನ್ನು ನೋಡಿ ಹೊಟ್ಟೆ ತಣ್ಣಗಾಗುತ್ತಿತ್ತು.

ಆ ದಾರಿಯಲ್ಲಿ ದಿನಾ ನನಗೆ ಎದುರಾಗುತ್ತಿದ್ದವರು ಒಬ್ಬ ಚಾಚಾ. ಶಾಲೆಯಿರುವ ಹಳ್ಳಿಯವರೇ. ಬೆಳಿಗ್ಗೆ ಮೊಪೆಡ್ ಮೇಲೆ ತಗಡಿನ ಡಬ್ಬಿ ಕಟ್ಟಿಕೊಂಡು ಸುತ್ತಲಿನ ಹಳ್ಳಿಗಳಲ್ಲಿ ಪಾವು, ಟೋಸ್ಟು, ಖಾರಿ ಮಾರುವರು. ಮಧ್ಯಾಹ್ನ ಮಾಲು ತರಲು ಅಫಜಲಪುರದ ಬೇಕರಿಗೆ ಬಂದು, ಸಂಜೆಯ ನಮಾಜು ಅಲ್ಲಿಯೇ ಮುಗಿಸಿ ಹೊರಡುವರು. ಮೊದಲು ಅವರದೂ ಹಳದಿ ಬೆಳಕು, ನನ್ನದೂ ಹಳದಿ ಬೆಳಕು. ಹತ್ತಿರ ಬಂದಾಗ ಗುರುತು ಹಿಡಿದು ಎರಡು ಸಲ ಹಾರ್ನ್ ಹೊಡೆಯುತ್ತಿದ್ದರು, ನಾನೂ ಹೊಡೆಯುತ್ತಿದ್ದೆ. ಹೊಸ ಲೈಟು ಬಂದ ಮೇಲೆ ಅವರ ಹಾರ್ನ್ ನಿಂತುಹೋಯಿತು. ಯಾಕೆ ಎಂದು ಯೋಚಿಸುವ ವ್ಯವಧಾನ ನನಗೆ ಇರಲಿಲ್ಲ.

ಜನವರಿಯ ಒಂದು ಸಂಜೆ, ಹಳ್ಳದ ಸೇತುವೆಯ ಹತ್ತಿರ, ನನ್ನ ಬೆಳಕಿನಲ್ಲಿ ಒಂದು ಮೊಪೆಡ್ ಎಡಕ್ಕೂ ಬಲಕ್ಕೂ ಹೊಯ್ದಾಡಿ ರಸ್ತೆ ಬಿಟ್ಟು ಇಳಿಯಿತು. ತಗಡು ಕಲ್ಲಿಗೆ ಬಡಿದ ಸದ್ದು ಕೇಳಿಸಿತು. ನಾನು ನಿಲ್ಲಲಿಲ್ಲ. ಏನೂ ಆಗಿರಲಿಕ್ಕಿಲ್ಲ, ಎದ್ದು ಹೋಗುತ್ತಾರೆ ಎಂದುಕೊಳ್ಳುತ್ತಾ ಹಣಮಪ್ಪನ ಗುಡಿಯ ತನಕ ಹೋದೆ. ಅಲ್ಲಿಗೆ ಬಂದ ಮೇಲೆ ಆ ತಗಡಿನ ಸದ್ದು ಯಾರದೆಂದು ತಲೆಗೆ ಹೊಕ್ಕಿತು. ಗಾಡಿ ತಿರುಗಿಸಿದೆ.

ಚಾಚಾ ತಗ್ಗಿನಲ್ಲಿ ಅಂಗಾತ ಬಿದ್ದಿದ್ದರು. ಸುತ್ತಲೂ ಪಾವು ಚೆಲ್ಲಿತ್ತು. ಬಲಗಾಲು ಮಂಡಿಯ ಕೆಳಗೆ ಕಾಲು ತಿರುಗಬಾರದ ಕಡೆ ತಿರುಗಿತ್ತು. ಲೈಟು ಆರಿಸಿ ಕೆಳಗೆ ಇಳಿದೆ. ನನ್ನ ದನಿ ಕೇಳಿದ್ದೇ ಅವರು ಕೈ ಹಿಡಿದುಕೊಂಡರು.

“ಅಲ್ಲಾನ ಕಳಿಸ್ದಂಗ ಬಂದ್ರಿ ಸರ. ಯಾವನೋ ಬಿಳಿ ಲೈಟ್ ಬಿಟ್ಕೊಂಡ ಬಂದಾ, ಕಣ್ಣ ಕಾಣವಲ್ದಂಗಾಯ್ತು. ನಿಂತೂ ನೋಡ್ಲಿಲ್ರಿ, ಹಂಗ ಹೋದ.”

ಗುಡಿಯಿಂದ ತಿರುಗಿದ ನಾನು ಅಫಜಲಪುರದ ಕಡೆಯಿಂದ ಬಂದಿದ್ದೆನಲ್ಲ. ಹೋದವನು ಬೇರೆ, ಬಂದವನು ಬೇರೆ ಎಂದು ಅವರು ತಿಳಿದರು. ಆ ಕ್ಷಣವೇ ಬಾಯಿ ಬಿಡಬೇಕಿತ್ತು. “ಮಾತಾಡಬ್ಯಾಡ್ರಿ ಚಾಚಾ, ಸುಮ್ಮ ಮಲಗ್ರಿ” ಎಂದೆ. ಅವರ ಬಾಯಿ ಮುಚ್ಚಿಸಿದ್ದು ನನ್ನ ಸಲುವಾಗಿ, ಅವರ ನೋವಿಗಾಗಿ ಅಲ್ಲ.

ಜೀಪು ನಿಲ್ಲಿಸಿ ಆಸ್ಪತ್ರೆಗೆ ಸೇರಿಸಿದೆ. ಕಲಬುರಗಿಗೂ ಜೊತೆಗೆ ಹೋದೆ. ಕಾಲಿಗೆ ರಾಡು ಹಾಕಿದರು. ಮಂಡಿ ಇನ್ನು ಮಡಚುವುದಿಲ್ಲ ಎಂದರು. ಶಾಲೆಯಲ್ಲಿ ಹೆಡ್‌ಮಾಸ್ತರರು ಪ್ರಾರ್ಥನೆ ಮುಗಿದ ಮೇಲೆ ಮಕ್ಕಳೆದುರು ನನ್ನನ್ನು ಹೊಗಳಿ ಚಪ್ಪಾಳೆ ಹೊಡೆಸಿದರು. ನಾನು ಕೈಮುಗಿದು ನಿಂತಿದ್ದೆ. ಅಸಹ್ಯ ಎಂದರೆ ಏನು ಎಂದು ಆ ಚಪ್ಪಾಳೆಯಲ್ಲಿ ಗೊತ್ತಾಯಿತು.

ಉಸ್ತಾದರ ಹತ್ತಿರ ಹೋಗಲು ಹತ್ತು ದಿನ ಬೇಕಾಯಿತು. ಸುದ್ದಿ ಅವರಿಗೆ ಮುಟ್ಟಿತ್ತು. ಏನು ಬೇಕು ಎಂದು ಕೇಳಲಿಲ್ಲ. ಸ್ಕ್ರೂಡ್ರೈವರ್ ತಂದು ಬೆಳಕನ್ನು ಗೆರೆಯ ಕೆಳಗೆ ಇಳಿಸಿದರು. ಕೊನೆಗೆ ಒಂದೇ ಮಾತು, “ಅವರಿಗಿ ಹೇಳ್ರಿ ಸರ.” ಹೂಂ ಎಂದೆ.

ಆಮೇಲೆ ರವಿವಾರಕ್ಕೊಮ್ಮೆ ಹಣ್ಣು ಹಿಡಿದು ಚಾಚಾನ ಮನೆಗೆ ಹೋಗುವುದು, ಹೇಳದೆ ಬರುವುದು, ಇದೇ ಆಯಿತು. ಮೊಪೆಡ್ಡನ್ನು ಜೇವರ್ಗಿಯಲ್ಲಿದ್ದ ಅವರ ತಮ್ಮ ತೆಗೆದುಕೊಂಡು ಹೋಗಿದ್ದ. ಅವರ ಹೆಂಡತಿ ಚಾಚಿ ಮಂದಿಯ ಹೊಲಕ್ಕೆ ಹತ್ತಿ ಬಿಡಿಸಲು ಹೋಗತೊಡಗಿದ್ದಳು. ಚಾಚಾ ಕುರ್ಚಿಯ ಮೇಲೆ ಕುಳಿತು, ಮಡಚದ ಕಾಲು ಮುಂದೆ ಚಾಚಿ, ಆ ಬಿಳಿ ಲೈಟಿನವನನ್ನು ಬೈಯುವರು. ನಾನು ತಲೆಯಾಡಿಸುವೆ. ಒಂದು ಸಲ ನಾನೂ ಸೇರಿಕೊಂಡು ಬೈದೆ. ಬೈಯುವಾಗ ಎದೆ ಹಗುರಾಯಿತು. ದಾರಿಯಲ್ಲಿ ಬರುತ್ತಾ ಅದು ನೆನಪಾಗಿ, ಗಾಡಿ ನಿಲ್ಲಿಸಿ ಅತ್ತೆ. ಅತ್ತರೂ ತಿರುಗಿ ಹೋಗಲಿಲ್ಲ.

ರಮಜಾನ್ ಮುಗಿದ ಮೇಲಿನ ರವಿವಾರ ಹೇಳಿಯೇ ಬರುವುದು ಎಂದು ಹೊರಟೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಚಾಚಿ ಹಬ್ಬದ ಶಾವಿಗೆ ಪಾಯಸ, ಸುರಕುಂಬಾದ ಬಟ್ಟಲು ಕೈಗೆ ಕೊಟ್ಟಳು. ಚಾಚಾ ಆಗಷ್ಟೇ ಕುರ್ಚಿಯ ಮೇಲೆ ಕುಳಿತೇ ನಮಾಜು ಮುಗಿಸಿದ್ದರು. ಟೋಪಿ ತೆಗೆಯುತ್ತಾ ನನ್ನ ಕಡೆ ನೋಡಿ ನಕ್ಕರು.

“ದಿನಾ ಐದೂ ನಮಾಜ್ ಆದ ಮ್ಯಾಲ ಎರಡ ಕೇಳ್ಕೋತೇನ್ರಿ ಸರ. ನಿಮ್ಮ ಮಗಳು ಚೆಂದ ಇರ್ಲಿ ಅಂತ ನಿಮಗೊಂದು ದುವಾ. ಅವನ ಮಕ್ಕಳ ಕೈಕಾಲು ನನ್ನಂಗ ಆಗ್ಲಿ ಅಂತ ಆ ಲೈಟಿನವಗ ಒಂದು ಬದ್ದುವಾ. ಇವತ್ತಿನ ತನಕ ಒಂದೂ ತಪ್ಪಿಸಿಲ್ರಿ.”

ಮಗಳು ಬೆಳಿಗ್ಗೆ ಜಗುಲಿಯ ಮೇಲೆ ಕುಂಟಾಬಿಲ್ಲೆ ಆಡುತ್ತಿದ್ದಳು. ಅವಳ ಕಾಲುಗಳು ಕಣ್ಣ ಮುಂದೆ ಬಂದವು. ಜೋಡಿಸಿಕೊಂಡು ಬಂದ ಮಾತು ಹೇಳಲೆಂದು ಬಾಯಿ ತೆರೆದೆ, ಬಂದದ್ದು ಬೇರೆಯದೇ.

“ಆ ಬದ್ದುವಾ ಬಿಟ್ಬಿಡ್ರಿ ಚಾಚಾ. ಮಾಫ್ ಮಾಡ್ರಿ ಅವಗ.”

ಚಾಚಾ ಮಡಚದ ಕಾಲನ್ನು ಕೈಯಿಂದ ಒಮ್ಮೆ ಸವರಿಕೊಂಡರು. “ನಿಮ್ಮ ಮನಸ ಎಷ್ಟ ದೊಡ್ಡದ್ರಿ ಸರ” ಎಂದರು. “ಬ್ಯಾರೇ ಯಾರ ಹೇಳಿದ್ರೂ ಬಿಡ್ತಿದ್ದಿಲ್ಲ. ನಿಮ್ಮ ಮಾತಿಗಿ ಬಿಡ್ತೇನಿ.”

ಮಾತಿಗೆ ತಪ್ಪುವ ಮನುಷ್ಯ ಅಲ್ಲ ಅವರು. ಆ ರವಿವಾರದಿಂದ ದಿನಕ್ಕೆ ಐದು ಸಲ ನನಗೆ ಬರೀ ದುವಾ ಬರುತ್ತಿದೆ.