ಗುತ್ಯಪ್ಪನ ಚಕ್ರದ ಕಲ್ಲು

ಸಾಗರದಿಂದ ತುಮರಿಗೆ ಕರೆಂಟ್ ಆಟೋದಲ್ಲಿ ಪಾರ್ಸಲ್ ಹಂಚುವ ಗುತ್ಯಪ್ಪ, ಡಬ್ಬಿ ಮೂಸಿಯೇ ಅದು ಯಾರ ಮನೆಯ ಮಿಕ್ಸಿ, ಯಾರ ಮನೆಯ ಸೀರೆ ಎಂದು ಹೇಳಬಲ್ಲ. ಅವನ ಹಾರ್ನ್ ಕೇಳಿದರೆ ದೂರದ ರಿಪ್ಪನ್‌ಪೇಟೆಯ ನಾಯಿಗಳೂ ಬಾಲ ಆಡಿಸುತ್ತವಂತೆ. ಹಿಂದೆ ಹೊಳೆ ದಾಟಿಸುವ ಲಾಂಚಿನ ಮೇಲೆ ಗಾಡಿ ಹತ್ತಿಸಿ, ಚಕ್ರಕ್ಕೊಂದು ಕಲ್ಲು ಕೊಟ್ಟು ನಿಂತರೆ ಊರಿಗೆ ಊರೇ ಅಲ್ಲಿ ಸಿಗುತ್ತಿತ್ತು. ಹೊಳೆ ದಾಟುವಷ್ಟರಲ್ಲಿ ಅರ್ಧ ಪಾರ್ಸಲ್ ಖಾಲಿ, ಮೂರು ಮದುವೆ ಮಾತುಕತೆಗಳೂ ಮುಗಿದಿರುತ್ತಿದ್ದವು. ಈಗ ಸೇತುವೆಯಾಗಿದೆ. ಆದರೂ ಅವನು ಸೇತುವೆ ದಾಟಿದ ಮೇಲೆ ಆಚೆ ದಡದ ಹಳೆಯ ಲಾಂಚ್ ಕಟ್ಟೆಗಿಳಿದು, ಚಕ್ರಕ್ಕೆ ಅದೇ ಕಲ್ಲು ಕೊಟ್ಟು, ದಿನಾ ಇಪ್ಪತ್ತು ನಿಮಿಷ ನಿಲ್ಲುತ್ತಾನೆ. ಪಾರ್ಸಲ್ ಕಂಪನಿಯ ಯಶಸ್ವಿನಿ ಆಟೋದ ಬ್ಯಾಟರಿ ಉಳಿಸಲೆಂದು ಈ ದಾರಿಗೊಂದು ಡಿಜಿಟಲ್ ಅವಳಿಯನ್ನು, ಅಂದರೆ ತದ್ರೂಪು ನಕಲನ್ನು, ಕಂಪ್ಯೂಟರಿನಲ್ಲಿ ಕಟ್ಟಿದ್ದಾಳೆ. ಗುಡ್ಡ, ಗಾಡಿ, ಗುತ್ಯಪ್ಪ ಎಲ್ಲವೂ ಅದರೊಳಗಿವೆ. ‘ಗುತ್ಯಪ್ಪಣ್ಣ, ಈ ಕಟ್ಟೆ ವೇಸ್ಟು, ತೆಗೀತೀನಿ’ ಎಂದಾಗ ಅವನ ಬಾಯಲ್ಲಿದ್ದ ಎಲೆಯಡಿಕೆ ಕಹಿಯಾಯಿತು. ‘ತೆಗಿ ಮಾರಾಯ್ತಿ, ಬೇಕಾದ್ರೆ ಹೊಳೇನೂ ತೆಗಿ’ ಎಂದ. ಕಟ್ಟೆ ತೆಗೆದು ಕಂಪ್ಯೂಟರಿನಲ್ಲಿ ಓಡಿಸಿ ನೋಡಿದರೆ ಬ್ಯಾಟರಿ ಇನ್ನೂ ಬೇಗ ಮುಗಿಯಿತು: ಹಳೇ ರೂಢಿಯಂತೆ ಕಟ್ಟೆಗೇ ಬಂದು ಪಾರ್ಸಲ್ ಒಯ್ಯುತ್ತಿದ್ದ ಹದಿನೇಳು ಮನೆಗಳಿಗೆ ಈಗ ಆಟೋವೇ ಗುಡ್ಡ ಹತ್ತಬೇಕಿತ್ತು. ಕಟ್ಟೆ ಮತ್ತೆ ನಕ್ಷೆಗೆ ಬಂತು. ಗುತ್ಯಪ್ಪ ಒಂದು ವಾರ ಚುನಾವಣೆ ಗೆದ್ದವನಂತೆ ಓಡಾಡಿದ. ಕಟ್ಟೆಯನ್ನು ಕಣ್ಣಾರೆ ನೋಡಲು ಬಂದ ಯಶಸ್ವಿನಿ ಕೇಳಿದಳು: ‘ನಿಲ್ಲೋದೇನೋ ಸರಿ, ಈ ಸಪಾಟು ನೆಲದಲ್ಲಿ ಕಲ್ಲು ಎಂತಕ್ಕೆ?’ ಗುತ್ಯಪ್ಪ ನೀರಿನಿಂದ ಕಣ್ಣು ಕೀಳದೆ ಹೇಳಿದ: ‘ನಡು ಹೊಳೇಲಿ ಗಾಡಿ ಜಾರಬಾರ್ದಲ್ಲ.’