ಎಸರಿಗೊಂದು ಕೂಗು

ಬೈಯಪ್ಪನಹಳ್ಳಿಯ ಮುನಿವೆಂಕಟಮ್ಮನಿಗೆ ಎಪ್ಪತ್ತೆರಡು ವರ್ಷ. ಕಥೆ ಪುಸ್ತಕ ಅಂದರೆ ಮೂಗು ಮುರಿಯುವ ಹೆಂಗಸು. ಅಂಥವಳು ಒಂದು ಇಂಗ್ಲಿಷ್ ಕಾದಂಬರಿಗೆ ಎರಡು ವಾರ ಕಿವಿಗೊಟ್ಟು ಕೂತಳೆಂದರೆ, ಅದಕ್ಕೆ ಕಾರಣ ಅದರೊಳಗಿದ್ದ ಹಬೆ ಎಂಜಿನ್.

ಪುಸ್ತಕ ಮೊಮ್ಮಗಳು ನಂದಿತಾಳದ್ದೂ ಅಲ್ಲ, ಅವಳ ಕಾಲೇಜಿನ ಗೆಳತಿ ಮೆಹ್ವಿಶ್‌ಳದ್ದು. ಮೋಡದ ಮೇಲೊಂದು ಊರು, ಅಲ್ಲಿಗೆ ಹಿತ್ತಾಳೆ ರೆಕ್ಕೆ ಬಡಿಯುತ್ತ ಹಾರುವ ಹಬೆ ರೈಲು, ಅದನ್ನು ಓಡಿಸುವ ಹದಿನಾರರ ಹುಡುಗಿ. ನಂದಿತಾ ಸಂಜೆ ಹೊತ್ತು ಜಗಲಿಯಲ್ಲಿ ಕೂತು ಒಂದೊಂದೇ ಪುಟ ಓದಿ ಕನ್ನಡದಲ್ಲಿ ಹೇಳುತ್ತಿದ್ದಳು. ಅಜ್ಜಿ ಸುಮ್ಮನೆ ಕೇಳುವವಳೇ?

"ಕಲ್ಲಿದ್ದಲು ಯಾರು ಹಾಕ್ತಾರೆ? ಆ ಹುಡ್ಗಿ ಬಟ್ಟೆ ಅದೆಂಗೆ ಅಷ್ಟು ಬೆಳ್ಳಗಿರ್ತದೆ?"

ಅವಳಿಗೆ ಗೊತ್ತಿಲ್ಲವೇ! ತೀರಿಕೊಂಡ ಗಂಡ ಮುನಿರಾಜಪ್ಪ ಎಂಜಿನ್ನಿನ ಒಲೆಗೆ ಕಲ್ಲಿದ್ದಲು ತುಂಬುವ ಫೈರ್‌ಮನ್ ಆಗಿದ್ದವನು. ಅವನ ಅಂಗಿ ಒಗೆದೂ ಒಗೆದೂ ಅವಳ ಅಂಗೈ ಗೆರೆಗಳೇ ಕಪ್ಪಾಗಿದ್ದವು.

ಇನ್ನೂರ ಹದಿನೆಂಟನೇ ಪುಟದಲ್ಲಿ ಆ ಹುಡುಗಿ ರೈಲಿನ ಬಾಯ್ಲರ್ ಕಿತ್ತೆಸೆದು ಮಾಯದ ಹರಳು ಕೂರಿಸಿದಳು. ರೈಲು ಒಂದಿಷ್ಟೂ ಸದ್ದಿಲ್ಲದೆ ಹಾರಿತು. ಊರಿಗೆ ಊರೇ ಚಪ್ಪಾಳೆ ತಟ್ಟಿತು.

"ಸಾಕು, ಮುಚ್ಚು," ಅಂದಳು ಅಜ್ಜಿ.

"ಇನ್ನೂ ಅರ್ಧ ಇದೆ ಅಜ್ಜಿ! ಕೊನೇಲಿ ಹಬೆ ರೈಲು ವಾಪಸ್ ಬಂದ್ರೂ ಬರ್ಬೋದು."

"ಬಂದ್ರೆ ಸುಳ್ಳು. ಬರ್ದಿದ್ರೆ ನಾನ್ಯಾಕೆ ಕೇಳ್ಬೇಕು?"

ನಂದಿತಾಳ ಮುಖ ಊದಿತು. ಫೋನಿನಿಂದ ತಲೆಯೆತ್ತಿ ಅವಳು ಅಜ್ಜಿಯ ಪಕ್ಕ ಕೂತ ಸಂಜೆಗಳೆಂದರೆ ಇವೇ. ಪುಸ್ತಕ ಮುಚ್ಚಿದರೆ ಇವೂ ಮುಗಿದವು ಎಂದು ಅವಳಿಗೆ ನಿಜಕ್ಕೂ ಅಳು ಬಂತು. ಅದನ್ನು ನೋಡಿ ಮುದುಕಿ ಕರಗಿ ಬಾಯಿಬಿಟ್ಟಳು.

ಆಗೆಲ್ಲ ಗೂಡ್ಸ್ ಗಾಡಿ ಮನೆ ಹಿಂದಿನ ಹಳಿ ದಾಟುವಾಗ ಡ್ರೈವರನ್ನು ಪುಸಲಾಯಿಸಿ ಮುನಿರಾಜಪ್ಪನೇ ಎಂಜಿನ್ನಿನ ಕೂಗು ಹಾಕುತ್ತಿದ್ದ. ಒಂದು ಉದ್ದ, ಎರಡು ಗಿಡ್ಡ. ಅದು ಕಿವಿಗೆ ಬಿದ್ದೊಡನೆ ಇವಳು ಮುದ್ದೆಗೆ ಎಸರಿಡಬೇಕು. ಅವನು ಶೆಡ್ಡಿನಲ್ಲಿ ಎಂಜಿನ್ ಬಿಟ್ಟು, ಸೈಕಲ್ ತುಳಿದು ಬಂದು ಕೈಕಾಲು ತೊಳೆಯುವ ಹೊತ್ತಿಗೆ ತಟ್ಟೆಯಲ್ಲಿ ಬಿಸಿ ಮುದ್ದೆ. "ನಿನ್ ಗಂಡ ಕೂಗ್ದ ಕಣೆ" ಎಂದು ಬೀದಿಯ ಹೆಂಗಸರು ರೇಗಿಸುತ್ತಿದ್ದರು. ಮೇಲೆ ನಾಚಿಕೊಂಡರೂ ಅವಳಿಗೆ ಆ ಕೂಗೆಂದರೆ ಪ್ರಾಣ.

"ಆಮೇಲೆ ಡೀಸೆಲ್ ಎಂಜಿನ್ ಬಂತು. ಮೊದಲ್ನೇ ದಿನ ಕಾಯ್ತಾ ಕೂತೆ, ಕೂಗೇ ಇಲ್ಲ. ನೋಡಿದ್ರೆ ನಿಮ್ ತಾತ ಬಾಗ್ಲಲ್ಲಿ ನಿಂತವ್ರೆ, ನಾನಿನ್ನೂ ಒಲೆ ಹಚ್ಚಿಲ್ಲ. ಅವರು ಹಾರನ್ನು ಹಂಗೇ ಒತ್ತಿದ್ರಂತೆ, ಒಂದು ಉದ್ದ, ಎರಡು ಗಿಡ್ಡ. ನಾನು ರೋಡಲ್ಲಿ ಯಾವ್ದೋ ಲಾರಿ ಅನ್ಕೊಂಡಿದ್ದೆ. ಬೈಲಿಲ್ಲ ಕಣಮ್ಮ. 'ಇನ್ಮೇಲೆ ಗಡಿಯಾರ ನೋಡಿ ಎಸರಿಡು' ಅಂದ್ರು. ಮತ್ತೆ ಯಾವತ್ತೂ ಒತ್ತಲಿಲ್ಲ. ಬೈದಿದ್ರೇ ಚೆನ್ನಾಗಿತ್ತು."

ಮರುದಿನ ನಂದಿತಾ ಪುಸ್ತಕ ವಾಪಸ್ ಕೊಟ್ಟಳು.

"ಮುಗಿಸ್ಲೇ ಇಲ್ವಾ?" ಎಂದಳು ಮೆಹ್ವಿಶ್.

"ಸಾಕು ಅನ್ನಿಸ್ತು ಮಗಾ."

ಸಂಜೆ ಮನೆಗೆ ಮರಳುತ್ತಿದ್ದ ನಂದಿತಾಳ ಮೆಟ್ರೋ ಹಲಸೂರು ದಾಟುವ ಹೊತ್ತಿಗೆ ಮನೆಯಲ್ಲಿ ಅಜ್ಜಿಯ ಕೀಪ್ಯಾಡ್ ಫೋನು ಬಹಳ ಹೊತ್ತು ಬಡಿದುಕೊಂಡಿತು. ಮುನಿವೆಂಕಟಮ್ಮ ಮಂಡಿ ಹಿಡಿದು ಎದ್ದು ಬರುವಷ್ಟರಲ್ಲಿ ನಿಂತಿತು. ಮತ್ತೆ ಚುಟುಕಾಗಿ ಬಡಿದು ಕಟ್ಟಾಯಿತು. ಇನ್ನೊಮ್ಮೆ, ಅಷ್ಟೇ ಚುಟುಕು.

ಈ ಸಲ ಅವಳು ತಪ್ಪು ತಿಳಿಯಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಒಳಗೆ ಹೋಗಿ ಮುದ್ದೆಗೆ ಎಸರಿಟ್ಟಳು.